ನೋಟಿಫಿಕೇಶನ್‌ಗೆ ಅನುಮತಿ ಕೇಳುವುದು ಹೇಗೆ: ಜಾಲತಾಣ ಕಟ್ಟುವವರಿಗೆ ಮಾರ್ಗದರ್ಶಿ

ಪುಟ ಇನ್ನೂ ಪೂರ್ತಿ ತೆರೆದುಕೊಂಡಿರುವುದಿಲ್ಲ, ಓದುಗರು ತಲೆಬರಹವನ್ನೂ ಓದಿರುವುದಿಲ್ಲ. ಅಷ್ಟರಲ್ಲೇ ಬ್ರೌಸರ್‌ನ ವಿಳಾಸ ಪಟ್ಟಿಯ ಕೆಳಗೆ ಪೆಟ್ಟಿಗೆಯೊಂದು ಕಾಣಿಸಿಕೊಂಡು, ಈ ತಾಣ ನಿಮಗೆ ನೋಟಿಫಿಕೇಶನ್ ಕಳುಹಿಸಬಹುದೇ ಎಂದು ಕೇಳುತ್ತದೆ. ಬಂದವರು ಯಾರು, ಏನನ್ನು ಹುಡುಕಿಕೊಂಡು ಬಂದರು, ಮತ್ತೆ ಬರುತ್ತಾರೋ ಇಲ್ಲವೋ ಎಂಬುದೊಂದನ್ನೂ ತಿಳಿಯದೆ ಕೇಳುವ ಪ್ರಶ್ನೆ ಇದು. ಜನ ಇದಕ್ಕೆ ಏನು ಉತ್ತರ ಕೊಡುತ್ತಾರೆ ಎಂಬುದರ ಲೆಕ್ಕವನ್ನು ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾ ಪ್ರಕಟಿಸಿದೆ. 2018ರ ಡಿಸೆಂಬರ್ 25ರಿಂದ 2019ರ ಜನವರಿ 24ರವರೆಗೆ ಫೈರ್‌ಫಾಕ್ಸ್‌ನ ಬೀಟಾ ಆವೃತ್ತಿಯಲ್ಲಿ (ಬಿಡುಗಡೆಗೆ ಮುನ್ನ ಪರೀಕ್ಷೆಗೆ ಕೊಡುವ ಆವೃತ್ತಿ) ಇಂಥ ಪೆಟ್ಟಿಗೆಗಳು ಸುಮಾರು 1.8 ಕೋಟಿ ಬಾರಿ ಕಾಣಿಸಿಕೊಂಡವು. ಒಪ್ಪಿಗೆ ಸಿಕ್ಕಿದ್ದು ಶೇ. 3ಕ್ಕೂ ಕಡಿಮೆ ಸಲ. ಸುಮಾರು ಶೇ. 19ರಷ್ಟು ಸಂದರ್ಭಗಳಲ್ಲಿ ಜನ ಪೆಟ್ಟಿಗೆಯನ್ನು ಕಂಡ ಕೂಡಲೇ ಆ ತಾಣವನ್ನೇ ಬಿಟ್ಟು ಹೋದರು.

ಹಾಗೆಂದು ತಪ್ಪು ನೋಟಿಫಿಕೇಶನ್‌ನದ್ದಲ್ಲ. ಹತ್ತಬೇಕಿದ್ದ ರೈಲು ತಡವಾಗಿದೆ, ಕೇಳಿದ್ದ ಪ್ರಶ್ನೆಗೆ ಉತ್ತರ ಬಂದಿದೆ, ಸಂಜೆಯ ಭೇಟಿ ರದ್ದಾಗಿದೆ ಎಂಬ ಸುದ್ದಿ ಹೊತ್ತಿಗೆ ಸರಿಯಾಗಿ ಕೈಸೇರಿದರೆ ಯಾರೂ ಬೇಸರಪಡುವುದಿಲ್ಲ. ಕೆಟ್ಟಿರುವುದು ಕೇಳುವ ರೀತಿ. ಅದನ್ನು ಸರಿಪಡಿಸಲು ಬೇಕಾದ ಕೋಡ್ ತೀರಾ ಕಡಿಮೆ. ಕೋಡ್‌ಗಿಂತ ಮೊದಲು ಮಾಡಬೇಕಾದ ಯೋಚನೆ ಮಾತ್ರ ಹೆಚ್ಚು.

ಕಳುಹಿಸಲು ನಿಮ್ಮಲ್ಲಿ ಏನಿದೆ?

ಮೊದಲು ಒಂದು ಕಾಗದದ ಮೇಲೆ ಈ ವಾಕ್ಯವನ್ನು ಬರೆದು ಪೂರ್ಣಗೊಳಿಸಿ: '... ಆದ ಕೂಡಲೇ ನಿಮಗೆ ತಿಳಿಸುತ್ತೇವೆ.' ಖಾಲಿ ಜಾಗದಲ್ಲಿ ಏನು ಬರುತ್ತದೆ ನೋಡಿ. 'ನಿಮ್ಮ ಪಾರ್ಸೆಲ್ ಹೊರಟ ಕೂಡಲೇ', 'ಕಾಯ್ದಿರಿಸಿದ ಪುಸ್ತಕ ಸಿಕ್ಕ ಕೂಡಲೇ', 'ನೀವು ಅಪ್‌ಲೋಡ್ ಮಾಡಿದ ವಿಡಿಯೊ ಸಿದ್ಧವಾದ ಕೂಡಲೇ' ಎಂದು ಬರೆಯಲು ಸಾಧ್ಯವಾದರೆ ನಿಮಗೆ ನೋಟಿಫಿಕೇಶನ್ ಬೇಕು. ಅಲ್ಲಿ ಬರುವುದು 'ಹೊಸ ಲೇಖನ ಪ್ರಕಟವಾದ ಕೂಡಲೇ' ಅಥವಾ 'ರಿಯಾಯಿತಿ ಘೋಷಿಸಿದ ಕೂಡಲೇ' ಎಂಬುದಾದರೆ ಸ್ವಲ್ಪ ನಿಲ್ಲಿ. ಆ ಸುದ್ದಿ ನಾಳೆ ಬೆಳಿಗ್ಗೆ ಇಮೇಲ್‌ನಲ್ಲಿ ತಲುಪಿದರೆ ಓದುಗರಿಗೆ ನಷ್ಟವೇನು? ನಷ್ಟವಿಲ್ಲ ಎನ್ನುವುದಾದರೆ ಇಮೇಲ್ ಪತ್ರಿಕೆ ಅಥವಾ ಆರ್‌ಎಸ್‌ಎಸ್ ಫೀಡ್ (ತಾಣದ ಹೊಸ ಬರಹಗಳನ್ನು ಓದುಗರ ಆ್ಯಪ್‌ಗೆ ತಲುಪಿಸುವ ಪಟ್ಟಿ) ಸಾಕು. ಇನ್ನೊಬ್ಬರು ಮಾಡುತ್ತಿರುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಅವರ ಗಮನ ಸೆಳೆಯುವ ಹಕ್ಕನ್ನು ಕೇಳುತ್ತಿದ್ದೇವೆ ಎಂಬುದು ನೆನಪಿರಲಿ. ಹೊತ್ತು ಮೀರಿದರೆ ಉಪಯೋಗಕ್ಕೆ ಬಾರದ ಸುದ್ದಿಗೆ ಮಾತ್ರ ಆ ಹಕ್ಕು ಸಲ್ಲುತ್ತದೆ.

ಈ ಪರೀಕ್ಷೆಯಲ್ಲಿ ಬಹಳಷ್ಟು ತಾಣಗಳಿಗೆ ನೋಟಿಫಿಕೇಶನ್ ಬೇಕಾಗಿಯೇ ಇಲ್ಲ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು, ಮುಂದಿನದನ್ನು ಓದಬೇಕಾಗಿಯೂ ಇಲ್ಲ.

ಬ್ರೌಸರ್ ಉತ್ತರವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ

ಪ್ರತಿ ತಾಣದ ಮಟ್ಟಿಗೂ ಬ್ರೌಸರ್‌ನಲ್ಲಿ ನೋಟಿಫಿಕೇಶನ್ ಅನುಮತಿಗೆ ಮೂರು ಸ್ಥಿತಿಗಳಿವೆ: ಡಿಫಾಲ್ಟ್, ಗ್ರಾಂಟೆಡ್, ಡಿನೈಡ್. ಡಿಫಾಲ್ಟ್ ಎಂದರೆ ಬಳಕೆದಾರರು ಇನ್ನೂ ಏನನ್ನೂ ಹೇಳಿಲ್ಲ. ಗ್ರಾಂಟೆಡ್ ಎಂದರೆ ಒಪ್ಪಿದ್ದಾರೆ. ಡಿನೈಡ್ ಎಂದರೆ ನಿರ್ಬಂಧಿಸಿದ್ದಾರೆ. ಒಮ್ಮೆ 'ನಿರ್ಬಂಧಿಸಿ' ಒತ್ತಿದರೆ ಆ ತಾಣ ಮತ್ತೆ ಎಷ್ಟು ಕೇಳಿದರೂ ಪೆಟ್ಟಿಗೆ ಕಾಣಿಸುವುದಿಲ್ಲ. ಬಳಕೆದಾರರೇ ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬೇಕು, ಅಷ್ಟು ಶ್ರಮಪಡುವವರು ವಿರಳ. ಏನೂ ಹೇಳದೆ ಪೆಟ್ಟಿಗೆಯನ್ನು ಸುಮ್ಮನೆ ಮುಚ್ಚಿದವರನ್ನು ಮತ್ತೆ ಕೇಳಬಹುದು ನಿಜ, ಆದರೆ ಅದಕ್ಕೂ ಮಿತಿಯಿದೆ. ಕ್ರೋಮ್‌ನಲ್ಲಿ ಮೂರು ಸಲ ಮುಚ್ಚಿದರೆ ಒಂದು ವಾರದ ಮಟ್ಟಿಗೆ ಬ್ರೌಸರ್ ತಾನೇ ಕೇಳಿಕೆಯನ್ನು ತಡೆಯುತ್ತದೆ.

ಇದರ ಅರ್ಥ ಸರಳ. ನಿಮಗೆ ಇರುವುದು ಒಂದೇ ಅವಕಾಶ. ಪುಟ ತೆರೆದ ಕ್ಷಣದಲ್ಲೇ ಕೇಳುವವರು ಆ ಅವಕಾಶವನ್ನು ಅತ್ಯಂತ ಕೆಟ್ಟ ಗಳಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಆರು ತಿಂಗಳ ನಂತರ ಅದೇ ವ್ಯಕ್ತಿ ನಿಜವಾಗಿ ನಿಮ್ಮ ಸೂಚನೆಗಾಗಿ ಕಾಯುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಬ್ರೌಸರ್‌ಗಳೂ ಸುಮ್ಮನಿಲ್ಲ. ಕ್ರೋಮ್ 2015ರಲ್ಲಿ 42ನೇ ಆವೃತ್ತಿಯೊಂದಿಗೆ ವೆಬ್ ಪುಶ್ ಸೌಲಭ್ಯ ಕೊಟ್ಟಿತು, ಅಂದರೆ ಪುಟ ತೆರೆದಿರದಿದ್ದರೂ ತಾಣದ ನೋಟಿಫಿಕೇಶನ್ ತಲುಪುವ ವ್ಯವಸ್ಥೆ. ಮುಂದಿನ ವರ್ಷ ಫೈರ್‌ಫಾಕ್ಸ್ ಕೂಡ ಕೊಟ್ಟಿತು. ದುರುಪಯೋಗ ಅತಿಯಾದಾಗ ಎರಡೂ ಹಗ್ಗ ಬಿಗಿ ಮಾಡಿದವು. 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 72ರಿಂದ, ಬಳಕೆದಾರರು ಪುಟದಲ್ಲಿ ಕ್ಲಿಕ್ ಮಾಡುವಂಥ ಕ್ರಿಯೆ ನಡೆಸದೆ ಇದ್ದರೆ ಪೆಟ್ಟಿಗೆ ಮೂಡುವುದಿಲ್ಲ. ವಿಳಾಸ ಪಟ್ಟಿಯಲ್ಲಿ ಒಂದು ಸಣ್ಣ ಚಿಹ್ನೆ ಮಾತ್ರ ಕಾಣುತ್ತದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಕ್ರೋಮ್ 80 ಸದ್ದಿಲ್ಲದ ಕೇಳಿಕೆಯನ್ನು ತಂದಿತು. ಮತ್ತೆ ಮತ್ತೆ ನಿರ್ಬಂಧಿಸುವ ಬಳಕೆದಾರರಿಗೆ ಮತ್ತು ಒಪ್ಪಿಗೆಯ ಪ್ರಮಾಣ ತೀರಾ ಕಡಿಮೆ ಇರುವ ತಾಣಗಳಿಗೆ ದೊಡ್ಡ ಪೆಟ್ಟಿಗೆಯ ಬದಲು ಗಂಟೆಯ ಚಿಹ್ನೆಯಷ್ಟೇ ಕಾಣುವಂತೆ ಮಾಡಿತು. ನೆನಪಿಡಬೇಕಾದ ಮಾತು ಇಲ್ಲಿದೆ: ಕೆಟ್ಟದಾಗಿ ಕೇಳಿದ ತಾಣ ಆ ಒಬ್ಬ ವ್ಯಕ್ತಿಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲ, ಎಲ್ಲರೆದುರೂ ಅದರ ದನಿ ಅಡಗುತ್ತದೆ.

ಕೇಳುವ ಗಳಿಗೆ

ಇಡೀ ವಿಷಯದ ತಿರುಳು ಇದು. ಬಳಕೆದಾರರ ಮನಸ್ಸಿನಲ್ಲಿ 'ಇದು ಯಾವಾಗ ಆಗುತ್ತದೆ, ನನಗೆ ಹೇಗೆ ಗೊತ್ತಾಗುತ್ತದೆ?' ಎಂಬ ಪ್ರಶ್ನೆ ಹುಟ್ಟುವ ಒಂದು ಗಳಿಗೆ ಇರುತ್ತದೆ. ಆಗ ಕೇಳಿ. ಆ ಗಳಿಗೆಯಲ್ಲಿ ನಿಮ್ಮ ಕೇಳಿಕೆಯೇ ಅವರ ಪ್ರಶ್ನೆಗೆ ಉತ್ತರವಾಗುತ್ತದೆ.

ವೇದಿಕೆಯೊಂದರಲ್ಲಿ ಒಬ್ಬರು ಪ್ರಶ್ನೆ ಬರೆದು 'ಪ್ರಕಟಿಸಿ' ಒತ್ತಿದರು ಎಂದುಕೊಳ್ಳಿ. ಪ್ರಶ್ನೆ ಪ್ರಕಟವಾದ ಪುಟದಲ್ಲೇ, ಅದರ ಕೆಳಗೆ, 'ಉತ್ತರ ಬಂದಾಗ ತಿಳಿಸಿ' ಎಂಬ ಬಟನ್ ಇದ್ದರೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಟಿಕೆಟ್ ಸಿಗದೆ ಕಾಯುವ ಪಟ್ಟಿಗೆ ಸೇರಿದವರಿಗೆ, ಆರ್ಡರ್ ಖಚಿತವಾದ ಪುಟವನ್ನು ನೋಡುತ್ತಿರುವವರಿಗೆ, 'ಸ್ಟಾಕ್ ಇಲ್ಲ' ಎಂಬ ಫಲಕದ ಮುಂದೆ ನಿಂತವರಿಗೆ, ಹತ್ತು ನಿಮಿಷ ಹಿಡಿಯುವ ದೊಡ್ಡ ವರದಿಯನ್ನು ತಯಾರಿಸಲು ಹಚ್ಚಿ ಬೇರೆ ಟ್ಯಾಬ್‌ಗೆ ಹೊರಟವರಿಗೆ ಕೂಡ ಇದೇ ಮಾತು. ಎಲ್ಲ ಉದಾಹರಣೆಗಳಲ್ಲೂ ಒಂದು ಕೆಲಸ ಆಗಲೇ ಮುಗಿದಿದೆ, ಅದರ ಫಲ ಮಾತ್ರ ಬರಬೇಕಿದೆ.

ಕೆಲಸದ ನಡುವೆ ಕೇಳಬಾರದು. ಹಣ ಪಾವತಿಸುತ್ತಿರುವವರ, ಅರ್ಜಿ ತುಂಬುತ್ತಿರುವವರ, ಪಾಸ್‌ವರ್ಡ್ ಬರೆಯುತ್ತಿರುವವರ ಎದುರು ಪೆಟ್ಟಿಗೆ ಬಂದು ನಿಂತರೆ ಅವರು ಗಾಬರಿಯಾಗುತ್ತಾರೆ. ಕೆಲಸ ಮುಂದುವರಿಸಲು ಈ ಅನುಮತಿ ಕಡ್ಡಾಯವೇನೋ ಎಂದು ತಪ್ಪು ತಿಳಿದು ಒಪ್ಪಿಬಿಡುವುದೂ ಉಂಟು. ಹಾಗೆ ಸಿಕ್ಕ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಎಣಿಸುವುದಿಲ್ಲ.

'ಮೂವತ್ತು ಸೆಕೆಂಡು ಕಳೆದ ಮೇಲೆ ಕೇಳೋಣ', 'ಅರ್ಧ ಪುಟ ಓದಿದ ಮೇಲೆ ಕೇಳೋಣ', 'ಮೂರನೆಯ ಭೇಟಿಯಲ್ಲಿ ಕೇಳೋಣ' ಎಂಬ ಸೂತ್ರಗಳು ಬಹಳ ಚಾಲ್ತಿಯಲ್ಲಿವೆ. ಪುಟ ತೆರೆದ ಕೂಡಲೇ ಕೇಳುವುದಕ್ಕಿಂತ ಇವು ವಾಸಿ, ಅಷ್ಟೇ. ಓದುಗರು ಮೂವತ್ತು ಸೆಕೆಂಡು ಪುಟದಲ್ಲಿದ್ದಾರೆ ಎಂದ ಮಾತ್ರಕ್ಕೆ ಅವರಿಗೆ ಸೂಚನೆ ಬೇಕಾಗಿದೆ ಎಂದು ಅರ್ಥವಲ್ಲ. ಅವರು ಓದುತ್ತಿದ್ದಾರೆ ಎಂದು ಮಾತ್ರ ಅರ್ಥ. ಇನ್ನೂ ಕೆಟ್ಟದ್ದು, ಪುಟದಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಅನುಮತಿ ಪೆಟ್ಟಿಗೆ ತೆರೆಯುವಂತೆ ಮಾಡುವುದು. ಕ್ಲಿಕ್ ಇರಬೇಕೆಂಬ ಬ್ರೌಸರ್‌ನ ನಿಯಮಕ್ಕೆ ಇದು ಅಕ್ಷರಶಃ ಸರಿಹೊಂದುತ್ತದೆ, ಉದ್ದೇಶವನ್ನು ಮಾತ್ರ ಮುರಿಯುತ್ತದೆ. ಚಿತ್ರವನ್ನು ದೊಡ್ಡದು ಮಾಡಲು ಒತ್ತಿದವರಿಗೆ ನೋಟಿಫಿಕೇಶನ್‌ನ ಪ್ರಶ್ನೆ ಎದುರಾದರೆ ಅದು ಮೋಸ.

ಮೊದಲು ನಿಮ್ಮ ಮಾತಿನಲ್ಲಿ

ಬ್ರೌಸರ್ ತೋರಿಸುವ ಪೆಟ್ಟಿಗೆಯ ಒಂದಕ್ಷರವನ್ನೂ ನೀವು ಬದಲಿಸಲಾರಿರಿ. ಅದರಲ್ಲಿ ತಾಣದ ವಿಳಾಸವಿರುತ್ತದೆ, ಒಂದು ಸಾಮಾನ್ಯ ವಾಕ್ಯವಿರುತ್ತದೆ, ಎರಡು ಬಟನ್‌ಗಳಿರುತ್ತವೆ. ಬ್ರೌಸರ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿರುತ್ತದೆ. ನಿಮ್ಮ ಪುಟದ ಭಾಷೆಯಲ್ಲಿ ಇರಲೇಬೇಕೆಂದಿಲ್ಲ. ಏಕೆ, ಏನು, ಎಷ್ಟು ಸಲ ಎಂಬುದು ಅಲ್ಲಿಲ್ಲ. ಅದನ್ನು ಹೇಳಬೇಕಾದವರು ನೀವು, ಪೆಟ್ಟಿಗೆ ಬರುವ ಮೊದಲೇ.

ಹೇಳುವುದು ಪುಟದ ಒಳಗೇ ಇರಲಿ, ಪುಟವನ್ನು ಮುಚ್ಚುವ ಇನ್ನೊಂದು ಪರದೆಯಾಗುವುದು ಬೇಡ. ಎರಡು ಸಾಲು, ಒಂದು ಬಟನ್ ಸಾಕು. ಉದಾಹರಣೆಗೆ: 'ಪಾರ್ಸೆಲ್ ಹೊರಟಾಗ ಒಂದು, ತಲುಪುವ ದಿನ ಒಂದು, ಒಟ್ಟು ಎರಡು ನೋಟಿಫಿಕೇಶನ್ ಕಳುಹಿಸುತ್ತೇವೆ. ಬೇಡವೆನಿಸಿದರೆ ಇದೇ ಪುಟದಲ್ಲಿ ನಿಲ್ಲಿಸಬಹುದು.' ಅದರ ಕೆಳಗೆ 'ನನಗೆ ತಿಳಿಸಿ' ಎಂಬ ಬಟನ್. ಅದನ್ನು ಒತ್ತಿದವರಿಗೆ ಮಾತ್ರ ಬ್ರೌಸರ್‌ನ ಪೆಟ್ಟಿಗೆ ಕಾಣಬೇಕು. ಒತ್ತದವರ ಮಟ್ಟಿಗೆ ಸ್ಥಿತಿ ಡಿಫಾಲ್ಟ್ ಆಗಿಯೇ ಉಳಿಯುತ್ತದೆ, ನಿಮ್ಮ ಒಂದೇ ಅವಕಾಶ ಭದ್ರವಾಗಿರುತ್ತದೆ.

'ಅಪ್‌ಡೇಟ್‌ಗಳನ್ನು ಪಡೆಯಿರಿ', 'ಏನನ್ನೂ ತಪ್ಪಿಸಿಕೊಳ್ಳಬೇಡಿ' ಎಂಬಂಥ ಸಾಲುಗಳನ್ನು ಬಿಟ್ಟುಬಿಡಿ. ಅವು ಏನನ್ನೂ ಹೇಳುವುದಿಲ್ಲ. ನಿರಾಕರಿಸುವ ಬಟನ್ ಇಡುವುದಾದರೆ 'ಬೇಡ' ಎಂದಷ್ಟೇ ಬರೆಯಿರಿ. 'ಬೇಡ, ನನಗೆ ಉಳಿತಾಯದಲ್ಲಿ ಆಸಕ್ತಿಯಿಲ್ಲ' ಎಂದು ಬಳಕೆದಾರರ ಬಾಯಲ್ಲೇ ಅವರನ್ನು ಹಂಗಿಸುವ ಮಾತು ಹಾಕುವುದು ಅಸಭ್ಯ. 'ಈಗಲೇ' ಮತ್ತು 'ಆಮೇಲೆ' ಎಂಬ ಎರಡೇ ಆಯ್ಕೆ ಕೊಡುವುದೂ ಅದೇ ಜಾತಿಯದು. ಅಲ್ಲಿ ನಿರಾಕರಣೆಗೆ ಜಾಗವೇ ಇಲ್ಲ. ಬ್ರೌಸರ್‌ನ ಪೆಟ್ಟಿಗೆಯನ್ನೇ ಹೋಲುವ ನಕಲಿ ಪೆಟ್ಟಿಗೆ ಬಿಡಿಸುವುದು, 'ನೀವು ರೋಬಾಟ್ ಅಲ್ಲವೆಂದು ತೋರಿಸಲು ಅನುಮತಿಸಿ ಒತ್ತಿ' ಎನ್ನುವುದು, ಅನುಮತಿ ಕೊಡದೆ ವಿಡಿಯೊ ತೆರೆಯದಂತೆ ಮಾಡುವುದು ಶುದ್ಧ ವಂಚನೆ. 2020ರ ಜುಲೈನಲ್ಲಿ ಬಂದ ಕ್ರೋಮ್ 84ರಿಂದ ಇಂಥ ದುರ್ಬಳಕೆಯ ತಾಣಗಳ ಕೇಳಿಕೆಯನ್ನು ಬ್ರೌಸರ್ ತಾನಾಗಿಯೇ ಅಡಗಿಸುತ್ತಿದೆ.

ಮೊದಲು ನಿಮ್ಮ ಮಾತಿನಲ್ಲಿ ಕೇಳಿ ಎಂಬ ಸಲಹೆಯನ್ನೂ ಕೆಡಿಸಿದವರಿದ್ದಾರೆ. ತಾಣದ ಸ್ವಂತ ಪೆಟ್ಟಿಗೆಯನ್ನು ನಿರಾಕರಿಸಿದರೆ ಬ್ರೌಸರ್‌ನಲ್ಲಿ ದಾಖಲಾಗುವುದಿಲ್ಲವಲ್ಲ, ಹಾಗಾಗಿ ಪ್ರತಿ ಭೇಟಿಯಲ್ಲೂ ಅದನ್ನೇ ತೋರಿಸುತ್ತಾರೆ. ಇದು ಹಳೆಯ ಕಾಟದ ಹೊಸ ವೇಷ. ನನ್ನ ಅಭಿಪ್ರಾಯದಲ್ಲಿ ಅತ್ಯುತ್ತಮ ವಿನ್ಯಾಸದಲ್ಲಿ ಪೆಟ್ಟಿಗೆಯೇ ಇರುವುದಿಲ್ಲ. ಸಂಬಂಧಪಟ್ಟ ವಿಷಯದ ಪಕ್ಕದಲ್ಲಿ ಒಂದು ಬಟನ್ ಇರುತ್ತದೆ. ಬೇಕಾದವರು ಒತ್ತುತ್ತಾರೆ, ಬೇಡದವರು ಅದನ್ನು ದಾಟಿ ಮುಂದೆ ಓದುತ್ತಾರೆ.

ಆ ಬಟನ್ ನಿಜವಾದ ಬಟನ್ ಆಗಿರಲಿ, ಬಣ್ಣ ಬಳಿದ ಚೌಕವಾಗಿರುವುದು ಬೇಡ. ಕೀಬೋರ್ಡ್‌ನಿಂದ ತಲುಪುವಂತಿರಲಿ, ಆನ್ ಆಗಿದೆಯೋ ಆಫ್ ಆಗಿದೆಯೋ ಎಂಬುದನ್ನು ಸ್ಕ್ರೀನ್ ರೀಡರ್ (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಓದಿ ಹೇಳುವಂತಿರಲಿ. ಕಣ್ಣು ಕಾಣದ ಓದುಗರಿಗೆ ನಡುವೆ ನುಗ್ಗುವ ಪೆಟ್ಟಿಗೆಗಳು ಕೊಡುವ ತೊಂದರೆ ಉಳಿದವರಿಗಿಂತ ಎಷ್ಟೋ ಹೆಚ್ಚು.

ಕೋಡ್ ಬರೆಯುವಾಗ

ತಾಣ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಗೂಢಲಿಪಿಯ ಸುರಕ್ಷಿತ ಸಂಪರ್ಕದಲ್ಲಿ ಇರಬೇಕು. ಬೇರೆ ತಾಣದ ಐಫ್ರೇಮ್ (ಒಂದು ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸುವ ಚೌಕಟ್ಟು) ಒಳಗಿಂದ ಕೇಳಿದರೆ ನಡೆಯುವುದಿಲ್ಲ. ಅನುಮತಿ ಪೂರ್ಣ ವಿಳಾಸಕ್ಕೆ ಅಂಟಿಕೊಂಡಿರುವುದರಿಂದ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸ ಮತ್ತು ಇಲ್ಲದ ವಿಳಾಸ ಬೇರೆ ಬೇರೆ ಎಂದೇ ಲೆಕ್ಕ. ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಅತ್ತ ತಿರುಗಿಸಿ. ಮೂರನೆಯವರ ಸೇವೆ ಬಳಸುವುದಾದರೆ ಪೆಟ್ಟಿಗೆಯಲ್ಲಿ ಕಾಣುವ ವಿಳಾಸ ನಿಮ್ಮದೇ ಆಗಿದೆಯೇ ಎಂದು ನೋಡಿ. ಎಲ್ಲಿಯೂ ಕೇಳರಿಯದ ಹೆಸರು ಕಂಡರೆ ಜನ ಹಿಂಜರಿಯುತ್ತಾರೆ, ಹಿಂಜರಿಯಲೂಬೇಕು.

ಬಟನ್ ತೋರಿಸುವ ಮುನ್ನ ಬ್ರೌಸರ್‌ನಲ್ಲಿ ಸೌಲಭ್ಯ ಇದೆಯೇ ಎಂದು ಪರೀಕ್ಷಿಸಿ. ಐಫೋನ್‌ನಲ್ಲಿ ವೆಬ್ ಪುಶ್ ಬಂದದ್ದು 2023ರ ಮಾರ್ಚ್‌ನ ಐಒಎಸ್ 16.4ರಲ್ಲಿ, ಅದೂ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ. ಸಾಮಾನ್ಯ ಸಫಾರಿ ಟ್ಯಾಬ್‌ನಲ್ಲಿ ಒತ್ತಿದರೂ ಏನೂ ಆಗದ ಬಟನ್ ಇಡುವ ಬದಲು, ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಳ್ಳುವುದು ಹೇಗೆಂದು ಒಂದು ಸಾಲಿನಲ್ಲಿ ತಿಳಿಸಿ.

ನಂತರ ಈಗಿನ ಸ್ಥಿತಿಯನ್ನು ಓದಿ. ಡಿಫಾಲ್ಟ್ ಆಗಿದ್ದರೆ ಮಾತ್ರ ಕೇಳುವ ಬಟನ್ ಇರಲಿ. ಬ್ರೌಸರ್‌ನ ಪೆಟ್ಟಿಗೆಯನ್ನು ತೆರೆಯುವ ರಿಕ್ವೆಸ್ಟ್ ಪರ್ಮಿಷನ್ ಎಂಬ ಕೋಡ್ ಕರೆಯನ್ನು ಬಟನ್‌ನ ಕ್ಲಿಕ್ ನಿರ್ವಹಿಸುವ ಭಾಗದಲ್ಲೇ, ಮೊದಲ ಕೆಲಸವಾಗಿ ಇಡಿ. ಅದಕ್ಕೂ ಮುನ್ನ ಸರ್ವರ್‌ನಿಂದ ಏನನ್ನೋ ತರಿಸಿಕೊಂಡು ಕಾಯುತ್ತಾ ಕುಳಿತರೆ, ಕ್ಲಿಕ್‌ನಿಂದ ಸಿಗುವ ಅವಕಾಶದ ಅವಧಿ ಮುಗಿದು ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ಪೆಟ್ಟಿಗೆ ತೆರೆಯದೆ ಹೋಗಬಹುದು. ಕ್ರೋಮ್ ಈ ವಿಷಯದಲ್ಲಿ ಕಟ್ಟುನಿಟ್ಟಾಗಿಲ್ಲ, ಹಾಗಾಗಿ ಅದರಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ.

ಅನುಮತಿ ಸಿಗುವುದು ಮತ್ತು ಚಂದಾದಾರಿಕೆ ಆಗುವುದು ಎರಡು ಬೇರೆ ಹಂತಗಳು. ಅನುಮತಿ ಸಿಕ್ಕ ಮೇಲೆ ಸರ್ವಿಸ್ ವರ್ಕರ್ (ಪುಟ ಮುಚ್ಚಿದ್ದರೂ ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡಬಲ್ಲ ತಾಣದ ಕೋಡ್) ಮೂಲಕ ಪುಶ್ ಚಂದಾದಾರಿಕೆ ಮಾಡಿಸಿ, ಅದರ ವಿವರ ನಿಮ್ಮ ಸರ್ವರ್‌ನಲ್ಲಿ ಉಳಿದ ಮೇಲಷ್ಟೇ ಬಟನ್ ಅನ್ನು 'ತಿಳಿಸುತ್ತೇವೆ' ಎಂದು ಬದಲಿಸಿ. ನಡುವೆ ಸಂಪರ್ಕ ಕಡಿದುಹೋಗಿದ್ದರೆ ಅದನ್ನು ಹೇಳಿ, ಮತ್ತೆ ಪ್ರಯತ್ನಿಸಲು ಬಿಡಿ. ಆಗಿಲ್ಲದ್ದನ್ನು ಆಗಿದೆ ಎಂದು ತೋರಿಸಿದರೆ ಪಾರ್ಸೆಲ್‌ನ ಸುದ್ದಿಗೆ ಕಾಯುವವರು ವ್ಯರ್ಥವಾಗಿ ಕಾಯುತ್ತಾರೆ.

ಬೇಡ ಎಂದವರಿಗೆ

'ಬೇಡ' ಎಂದರೆ ಬೇಡ. ನಿಮ್ಮ ಪುಟದ ಬಟನ್‌ನಲ್ಲಿ ಬೇಡ ಎಂದವರ ಆಯ್ಕೆಯನ್ನು ಉಳಿಸಿಕೊಳ್ಳಿ, ಅದೇ ವಿಷಯಕ್ಕೆ ಮತ್ತೆ ಕೇಳಬೇಡಿ. ಬ್ರೌಸರ್‌ನಲ್ಲೇ ನಿರ್ಬಂಧಿಸಿದವರಿಗೆ ದೊಡ್ಡ ಬಾಣದ ಗುರುತು ಬಿಡಿಸಿ 'ಇಲ್ಲಿ ಒತ್ತಿ ಬದಲಿಸಿ' ಎಂದು ಒತ್ತಾಯಿಸುವ ಪರದೆ ತೋರಿಸಬೇಡಿ. ಖಾತೆಯ ಸೆಟ್ಟಿಂಗ್ಸ್ ಪುಟದಲ್ಲಿ ಮಾತ್ರ, 'ಈ ಬ್ರೌಸರ್‌ನಲ್ಲಿ ನೋಟಿಫಿಕೇಶನ್ ನಿರ್ಬಂಧಿಸಲಾಗಿದೆ. ಬದಲಿಸಬೇಕೆಂದರೆ ವಿಳಾಸದ ಪಕ್ಕದ ಚಿಹ್ನೆಯನ್ನು ಒತ್ತಿ ತಾಣದ ಅನುಮತಿಗಳನ್ನು ನೋಡಿ' ಎಂಬ ಸಾಲು ಇದ್ದರೆ ಸಾಕು. ಹುಡುಕಿಕೊಂಡು ಬಂದವರಿಗೆ ಅದು ಸಿಗುತ್ತದೆ.

ನಿರಾಕರಿಸಿದವರಿಗೂ ಸುದ್ದಿ ತಲುಪುವ ಬೇರೆ ದಾರಿ ಇರಬೇಕು. ಇಮೇಲ್, ಎಸ್‌ಎಂಎಸ್, ಅಥವಾ ತಾಣದೊಳಗೇ ಒಂದು ಸೂಚನೆಗಳ ಪುಟ.

ಒಪ್ಪಿದವರಿಗೆ

ಹೆಚ್ಚಿನ ತಾಣಗಳು ನಂಬಿಕೆ ಕಳೆದುಕೊಳ್ಳುವುದು ಇಲ್ಲಿ. ಪಾರ್ಸೆಲ್‌ಗಾಗಿ ಕೊಟ್ಟ ಅನುಮತಿಯಲ್ಲಿ ಜಾಹೀರಾತು ಕಳುಹಿಸುತ್ತಾರೆ. ತಾಂತ್ರಿಕವಾಗಿ ಬ್ರೌಸರ್ ತಡೆಯುವುದಿಲ್ಲ, ಏಕೆಂದರೆ ಅದಕ್ಕೆ ಗೊತ್ತಿರುವುದು ಅನುಮತಿ ಇದೆಯೋ ಇಲ್ಲವೋ ಎಂಬುದಷ್ಟೇ. ಯಾವ ಕಾರಣಕ್ಕೆ ಕೊಟ್ಟರು ಎಂಬುದು ನಿಮ್ಮ ಮತ್ತು ಬಳಕೆದಾರರ ನಡುವಿನ ಮಾತು. ಆದ್ದರಿಂದ ಪ್ರತಿ ಉದ್ದೇಶವನ್ನೂ ನಿಮ್ಮ ಸರ್ವರ್‌ನಲ್ಲಿ ಬೇರೆ ಬೇರೆಯಾಗಿ ದಾಖಲಿಸಿ. ಹೊಸ ಉದ್ದೇಶ ಬಂದಾಗ ಬ್ರೌಸರ್ ಕೇಳದಿದ್ದರೂ ನೀವು ಕೇಳಿ.

ಒಂದೇ ವಿಷಯದ ಮೇಲೆ ಹಲವು ಸೂಚನೆಗಳಿದ್ದರೆ ಅವಕ್ಕೆಲ್ಲ ಟ್ಯಾಗ್ ಎಂಬ ಒಂದೇ ಗುರುತು ಬಳಸಿ, ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ. ಕಳುಹಿಸುವಾಗ ಟಿಟಿಎಲ್ ಅನ್ನು, ಅಂದರೆ ತಲುಪದ ಸೂಚನೆಯನ್ನು ಎಷ್ಟು ಹೊತ್ತು ಕಾದಿಡಬೇಕು ಎಂಬ ಮಿತಿಯನ್ನು, ಸರಿಯಾಗಿ ಇಡಿ. ಮಧ್ಯಾಹ್ನದ ರೈಲು ತಡವಾದ ಸುದ್ದಿ ಫೋನ್ ಆಫ್ ಆಗಿದ್ದವರಿಗೆ ರಾತ್ರಿ ತಲುಪುವುದಕ್ಕಿಂತ ತಲುಪದಿರುವುದೇ ಮೇಲು. ಬಳಕೆದಾರರ ಊರಿನ ಸಮಯ ನೋಡಿ. ತುರ್ತಲ್ಲದ್ದು ಬೆಳಗಿನವರೆಗೆ ಕಾಯಲಿ. ಸೂಚನೆಯ ಪಠ್ಯ ಲಾಕ್ ಆದ ಪರದೆಯ ಮೇಲೆ ಬೇರೆಯವರ ಕಣ್ಣಿಗೂ ಬೀಳಬಹುದು ಎಂಬುದನ್ನು ಮರೆಯಬೇಡಿ. 'ನಿಮ್ಮ ಪರೀಕ್ಷೆಯ ವರದಿ ಬಂದಿದೆ' ಎಂದರೆ ಸಾಕು, ಯಾವ ಕಾಯಿಲೆಯ ಪರೀಕ್ಷೆ ಎಂಬುದು ಅಲ್ಲಿ ಬೇಡ. ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಲಾಗ್ ಔಟ್ ಆದವರ ಚಂದಾದಾರಿಕೆಯನ್ನು ಆ ಕ್ಷಣವೇ ತೆಗೆದುಹಾಕಿ.

ನಿಲ್ಲಿಸುವ ಬಟನ್ ಶುರುಮಾಡಿದ ಜಾಗದಲ್ಲೇ ಇರಲಿ, ಒಂದೇ ಒತ್ತಿಗೆ ಕೆಲಸ ಮಾಡಲಿ. ಏಕೆ ನಿಲ್ಲಿಸುತ್ತಿದ್ದೀರಿ ಎಂದು ವಿಚಾರಣೆ ಬೇಡ. ನೋಟಿಫಿಕೇಶನ್ ತಲುಪಿಸುವ ಬ್ರೌಸರ್‌ನವರ ಪುಶ್ ಸೇವೆ 404 ಅಥವಾ 410 ಎಂಬ ದೋಷ ಸಂಖ್ಯೆಯಲ್ಲಿ ಉತ್ತರಿಸಿದರೆ ಆ ಚಂದಾದಾರಿಕೆ ಮುಗಿದಿದೆ ಎಂದು ತಿಳಿದು ಅಳಿಸಿ.

ಅಳೆಯುವಾಗ ಎಷ್ಟು ಜನ ಒಪ್ಪಿದರು ಎಂಬ ಒಂದೇ ಸಂಖ್ಯೆಯನ್ನು ಹಿಡಿದುಕೊಳ್ಳಬೇಡಿ. ಪೆಟ್ಟಿಗೆ ಕಂಡವರಲ್ಲಿ ನಿರ್ಬಂಧಿಸಿದವರೆಷ್ಟು, ಒಪ್ಪಿದವರಲ್ಲಿ ಮೊದಲ ಸೂಚನೆಯ ನಂತರ ನಿಲ್ಲಿಸಿದವರೆಷ್ಟು, ಸೂಚನೆಯನ್ನು ಒತ್ತಿ ಒಳಬಂದವರೆಷ್ಟು ಎಂಬುದನ್ನು ನೋಡಿ. ಮೊದಲ ಸೂಚನೆಗೇ ಜನ ನಿಲ್ಲಿಸುತ್ತಿದ್ದರೆ ನೀವು ಹೇಳಿದ್ದೂ ಕಳುಹಿಸಿದ್ದೂ ಬೇರೆ ಬೇರೆಯಾಗಿದೆ.

ಈಗಾಗಲೇ ಪುಟ ತೆರೆದ ಕೂಡಲೇ ಕೇಳುತ್ತಿದ್ದರೆ

ಹಾಗೆ ಕೇಳುವ ಸಾಲನ್ನು ಇವತ್ತೇ ತೆಗೆಯಿರಿ. ಹೊಸ ವಿನ್ಯಾಸ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ. ಈವರೆಗೆ ಒಪ್ಪಿದವರ ಅನುಮತಿ ಹಾಗೆಯೇ ಉಳಿಯುತ್ತದೆ, ಅವರಿಗೆ ಸೂಚನೆಗಳು ತಲುಪುತ್ತಲೇ ಇರುತ್ತವೆ. ಕೇಳಿಕೆ ನಿಂತ ದಿನದಿಂದ ಹೊಸದಾಗಿ ನಿರ್ಬಂಧಿಸುವವರ ಸಂಖ್ಯೆಯೂ ನಿಲ್ಲುತ್ತದೆ. ಆಮೇಲೆ ತಾಣದಲ್ಲಿ ಜನ ಏನಕ್ಕಾಗಿಯೋ ಕಾಯುವ ಪುಟಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಒಂದೇ ಒಂದನ್ನು ಆರಿಸಿ, ಅಲ್ಲಿ ಮಾತ್ರ ಬಟನ್ ಇಡಿ. ಕೆಲವು ವಾರ ಮೇಲಿನ ಮೂರು ಸಂಖ್ಯೆಗಳನ್ನು ಗಮನಿಸಿ, ಅವು ಚೆನ್ನಾಗಿದ್ದರೆ ಎರಡನೆಯ ಪುಟಕ್ಕೆ ಹೋಗಿ.